ಮೂವತ್ತೈದರ ಗೆರೆ

ಮೂವತ್ತಾರರ ಪ್ರಾಯದಲ್ಲಿ ಮೊದಲ ಬಾರಿಗೆ ತಾಯಿಯಾಗಲಿರುವವಳ ಆಸ್ಪತ್ರೆಯ ಕಡತದಲ್ಲಿ ‘ವಯಸ್ಸಾದ ಚೊಚ್ಚಲ ಗರ್ಭಿಣಿ’ ಎಂಬ ಅರ್ಥದ ಒಕ್ಕಣೆಯೂ ಅದರ ಪಕ್ಕದಲ್ಲಿ ಒಂದು ಸಂಕೇತ ಸಂಖ್ಯೆಯೂ ಕಂಡರೆ ಮನೆಯವರು ಕಳವಳಗೊಳ್ಳುವುದು ಸಹಜ. ಈ ಗೆರೆಯನ್ನು ಎಳೆದವರು ಯಾರು, ಏತಕ್ಕಾಗಿ ಎಳೆದರು ಎಂಬುದನ್ನು ಅರಿತರೆ ಆ ಕಳವಳ ತುಸು ತಿಳಿಯಾದೀತು.

ಗರ್ಭಿಣಿಯನ್ನು ಹೆರಿಗೆಗೆ ಮುಂಚಿನಿಂದಲೇ ಕ್ರಮವಾಗಿ ಪರೀಕ್ಷಿಸುವ ಪದ್ಧತಿ ಬಹಳ ಹಳೆಯದೇನಲ್ಲ. ಎಡಿನ್‌ಬರೋದ ವೈದ್ಯ ಜಾನ್ ವಿಲಿಯಂ ಬ್ಯಾಲಂಟೈನ್ ಅವರು ಗರ್ಭಿಣಿಯರ ಆರೈಕೆಗೆಂದೇ ಒಂದು ಆಸ್ಪತ್ರೆ ಬೇಕೆಂದು 1901ರಲ್ಲಿ ಲೇಖನ ಬರೆದು ಮನವಿ ಮಾಡಿದರು. ಅದೇ ವರ್ಷ ಅಲ್ಲಿನ ಹೆರಿಗೆ ಆಸ್ಪತ್ರೆಯಲ್ಲಿ ಅದಕ್ಕಾಗಿ ಒಂದು ಹಾಸಿಗೆ ಮೀಸಲಾಯಿತು. 1929ರಲ್ಲಿ ಬ್ರಿಟನ್ನಿನ ಆರೋಗ್ಯ ಸಚಿವಾಲಯವು ಎಷ್ಟನೆಯ ವಾರದಲ್ಲಿ ತಪಾಸಣೆ ನಡೆಯಬೇಕೆಂಬ ಪಟ್ಟಿಯನ್ನೇ ಪ್ರಕಟಿಸಿತು.

ಸಂಕೇತ ಸಂಖ್ಯೆಗಳ ಕಥೆ ಬೇರೆಯದು. 1893ರಲ್ಲಿ ಫ್ರಾನ್ಸಿನ ಜಾಕ್ ಬರ್ಟಿಯೋಂ ಅವರು ಮಂಡಿಸಿದ ಅಂತರರಾಷ್ಟ್ರೀಯ ಪಟ್ಟಿ ಸಾವಿನ ಕಾರಣಗಳನ್ನಷ್ಟೇ ಎಣಿಸುತ್ತಿತ್ತು. 1948ರ ಆರನೆಯ ಪರಿಷ್ಕರಣೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಬದುಕಿರುವವರ ಕಾಯಿಲೆಗಳನ್ನೂ ಅದಕ್ಕೆ ಸೇರಿಸಿತು. ಹೀಗೆ ಸತ್ತವರ ಲೆಕ್ಕಕ್ಕೆಂದು ಹುಟ್ಟಿದ ಪುಸ್ತಕ ಬದುಕುವವರ ಆರೈಕೆಗೂ ಒದಗಿತು.

35 ಎಂಬ ಅಂಕೆಯಾದರೋ 1958ರದು. ಆ ವರ್ಷ ಸ್ತ್ರೀರೋಗ ಮತ್ತು ಪ್ರಸೂತಿ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟವು ‘ವಯಸ್ಸಾದ ಚೊಚ್ಚಲ ಗರ್ಭಿಣಿ’ ಎಂದರೆ 35 ತುಂಬಿದವಳು ಎಂದು ನಿರ್ಧರಿಸಿತು. ಮುಂದೆ ಗರ್ಭಚೀಲದ ನೀರನ್ನು ಸೂಜಿಯಿಂದ ತೆಗೆದು ಪರೀಕ್ಷಿಸುವ ವಿಧಾನ ಬಳಕೆಗೆ ಬಂದಾಗ, ಅದನ್ನು ಯಾರಿಗೆ ಮಾಡಬೇಕೆಂಬ ಪ್ರಶ್ನೆಗೂ ಇದೇ ಅಂಕೆ ಉತ್ತರವಾಯಿತು. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸಿದ ನಮ್ಮ ದೇಶದ 1994ರ ಕಾಯಿದೆಯೂ, ಪ್ರಸವಪೂರ್ವ ಪತ್ತೆ ಪರೀಕ್ಷೆಗೆ ಅವಕಾಶ ನೀಡುವ ಕಾರಣಗಳಲ್ಲಿ ಮೊದಲನೆಯದಾಗಿ ಗರ್ಭಿಣಿಗೆ 35 ಮೀರಿರುವುದನ್ನು ಹೇಳುತ್ತದೆ.

ಅಪಾಯ ಸುಳ್ಳೇನಲ್ಲ. ವಯಸ್ಸು ಏರಿದಂತೆ ರಕ್ತದೊತ್ತಡ, ಗರ್ಭಕಾಲದ ಮಧುಮೇಹ, ಮಗುವಿನ ವರ್ಣತಂತುಗಳ ವ್ಯತ್ಯಾಸ ಇವುಗಳ ಸಂಭವ ಹೆಚ್ಚುತ್ತದೆ. ಆದರೆ ಅದು ವರ್ಷದಿಂದ ವರ್ಷಕ್ಕೆ ಮೆಲ್ಲನೆ ಏರುವ ದಿಣ್ಣೆ. 35ನೆಯ ಹುಟ್ಟುಹಬ್ಬದ ಮರುದಿನ ಎದುರಾಗುವ ಪ್ರಪಾತವಲ್ಲ. ಅಮೆರಿಕದ ಪ್ರಸೂತಿ ತಜ್ಞರ ಸಂಘವು 2007ರಲ್ಲಿ ವರ್ಣತಂತುಗಳ ತಪಾಸಣೆಯ ಅವಕಾಶವನ್ನು ವಯೋಭೇದವಿಲ್ಲದೆ ಎಲ್ಲ ಗರ್ಭಿಣಿಯರಿಗೂ ನೀಡಬೇಕೆಂದು ಹೇಳಿದುದು ಇದಕ್ಕಾಗಿಯೇ.

ಇಲ್ಲೊಂದು ಸಂಗತಿ ಗಮನಾರ್ಹ. ವಿಶ್ವ ಆರೋಗ್ಯ ಸಂಸ್ಥೆಯ ಹತ್ತನೆಯ ಪರಿಷ್ಕರಣೆಯಲ್ಲಿ ಇಂತಹ ತಾಯಿಗೆ ದೊರೆತ ಸಂಕೇತ ‘ಜಡ್ 35.5’. ಅದು ರೋಗಗಳ ಅಧ್ಯಾಯದಲ್ಲಿ ಇಲ್ಲ. ಜನರು ಆರೋಗ್ಯ ಸೇವೆಯನ್ನು ಅರಸಿ ಬರುವ ಕಾರಣಗಳ ಅಧ್ಯಾಯದಲ್ಲಿದೆ. ಅದರ ಮೊದಲ ಮಾತೇ ‘ಮೇಲ್ವಿಚಾರಣೆ’. ಎಂದರೆ ಆ ಸಂಕೇತ ದಾಖಲಿಸುವುದು ತಾಯಿಯ ಕೊರತೆಯನ್ನಲ್ಲ, ಅವಳಿಗೆ ಸಲ್ಲಬೇಕಾದ ಆರೈಕೆಯನ್ನು.

ಆದುದರಿಂದ ಇಂತಹ ತಾಯಿಯಿರುವ ಮನೆಯಲ್ಲಿ ‘ಇಷ್ಟು ತಡವೇಕೆ?’ ಎಂಬ ಮಾತಿಗಿಂತ ‘ಮುಂದಿನ ತಪಾಸಣೆ ಎಂದು?’ ಎಂಬ ಮಾತು ಮೇಲು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯಿದೆ. ಅಂದು ಅವಳ ಜೊತೆಗೆ ಹೋಗಲು ಮನೆಯಲ್ಲಿ ಒಬ್ಬರಾದರೂ ಬಿಡುವು ಮಾಡಿಕೊಳ್ಳಲಿ.