ಅಂಗಸಾಧನೆಯ ಕೈಪಿಡಿಗಳು: ಗರಡಿಯ ಮಾತಿನಿಂದ ಅಂಚೆಯ ಪಾಠದವರೆಗೆ

ಮೈಗೆ ಬಲ ತಂದುಕೊಡುವ ಮನೆಗೆ ನಮ್ಮ ಗಡಿಸೀಮೆಯ ಊರುಗಳಲ್ಲಿ ಒಂದೇ ಹೆಸರಿಲ್ಲ. ಹೊಸೂರು, ತಾಳವಾಡಿಯ ಕಡೆ ಅದು ಗರಡಿ. ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ಕಡೆ ತಾಲೀಮು. ಕಾಸರಗೋಡಿನಿಂದ ತೆಂಕಲಿಗೆ ಇಳಿದರೆ ಕಳರಿ. ಅದೇ ಕಾಸರಗೋಡಿನ ತುಳು ಸೀಮೆಯಲ್ಲಿ ಗರಡಿಯೆಂದರೆ ಕೋಟಿ ಚೆನ್ನಯರ ಆರಾಧನೆಯ ಸ್ಥಾನ. ಅಲ್ಲಿ ಸಾಮು ತೆಗೆಯುವವರಿಗಿಂತ ಕೈಮುಗಿಯುವವರೇ ಹೆಚ್ಚು. ಇವುಗಳಲ್ಲಿ ‘ತಾಲೀಮು’ ಎಂಬ ಮಾತು ಉಪಾಧ್ಯಾಯರಾದ ನಮಗೆ ವಿಶೇಷವಾಗಿ ರುಚಿಸುವಂಥದು. ಅದು ಅರಬ್ಬಿ ಮೂಲದ ಶಬ್ದ, ಅರ್ಥ, ಬೋಧನೆ. ಎಂದರೆ ದಂಡ ಬಸ್ಕಿಗಳ ಮನೆಯನ್ನು ನಮ್ಮ ಜನ ಪಾಠಶಾಲೆಯೆಂದೇ ಕರೆದಿದ್ದಾರೆ.

ಈ ಪಾಠಶಾಲೆಗೆ ಪಠ್ಯಪುಸ್ತಕ ಯಾವಾಗ ಬಂತು, ಯಾರು ಬರೆದರು, ಬಂದ ಮೇಲೆ ಏನಾಯಿತು ಎಂಬುದನ್ನು ನಾವು ಇಲ್ಲಿ ನೋಡಬೇಕೆಂದಿದ್ದೇವೆ. ವಿಷಯ ಸಾಹಿತ್ಯ ಸಂಶೋಧನೆಗೆ ಹೊರಗಿನದೆಂದು ಕೆಲವರು ಎಣಿಸಬಹುದು. ಆದರೆ ಕಳೆದ ಶತಮಾನದ ಮೊದಲರ್ಧದಲ್ಲಿ ನಮ್ಮ ಯುವಕರು ಹಣ ಕೊಟ್ಟು ತರಿಸಿ, ಪುಟ ಹರಿಯುವವರೆಗೆ ಓದಿದ ಪುಸ್ತಕಗಳ ಜಾತಿಯಲ್ಲಿ ಇದೂ ಒಂದು. ಕಾವ್ಯಗಳಿಗೆ ಅಂಥ ಓದುಗರು ಎಷ್ಟು ಮಂದಿ ಸಿಕ್ಕಾರು?

ಮೊದಲು ಹಳೆಯ ಗ್ರಂಥಗಳ ಮಾತು. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಭಾಗವಿದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗೆ ತಕ್ಕಂತೆ ವಿಂಗಡಿಸುವ ಕ್ರಮ, ಅವರ ಆಹಾರ, ಅವರ ಅಭ್ಯಾಸಗಳು ಅಲ್ಲಿ ಬರುತ್ತವೆ. ಭಾರ ಎತ್ತುವ ಶ್ರಮ, ನೀರಿನಲ್ಲಿ ಈಸುವ ಶ್ರಮ, ಕಂಬದ ಮೇಲಿನ ಶ್ರಮ ಎಂದು ಅಭ್ಯಾಸಗಳಿಗೆ ಬೇರೆಬೇರೆ ಹೆಸರುಗಳಿವೆ. ಇಂದಿನ ಮಲ್ಲಕಂಬದ ಪೂರ್ವರೂಪವನ್ನು ವಿದ್ವಾಂಸರು ಅಲ್ಲಿ ಗುರುತಿಸುತ್ತಾರೆ. ಬಸವಕಲ್ಯಾಣವು ಪಶ್ಚಿಮ ತೆಲಂಗಾಣದ ನಮ್ಮವರಿಗೆ ನೆರೆಯ ಊರೇ ಆದ್ದರಿಂದ ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳಬಹುದು. ಹಾಗೆಂದು ಅದನ್ನು ಕೈಪಿಡಿಯೆಂದು ಕರೆಯುವುದು ತಪ್ಪಾದೀತು. ಅದು ಅರಸನ ವಿನೋದಗಳ ಗ್ರಂಥ. ಕುಸ್ತಿ ನೋಡುವವನಿಗಾಗಿ ಬರೆದದ್ದು, ಆಡುವವನಿಗಾಗಿ ಅಲ್ಲ. ಆಡುವವರ ಕುಲಕ್ಕೆ ಹತ್ತಿರವಾದದ್ದು ‘ಮಲ್ಲಪುರಾಣ’. ಜ್ಯೇಷ್ಠಿಮಲ್ಲರೆಂಬವರ ಈ ಸಂಸ್ಕೃತ ಗ್ರಂಥವನ್ನು ೧೯೬೪ರಲ್ಲಿ ಬಡೋದೆಯಲ್ಲಿ ಸಾಂಡೇಸರಾ ಮತ್ತು ಮೆಹತಾ ಪರಿಷ್ಕರಿಸಿ ಪ್ರಕಟಿಸಿದರು. ನವರಾತ್ರಿಯಲ್ಲಿ ಮೈಸೂರಿನ ಅರಮನೆಯ ಮುಂದೆ ವಜ್ರಮುಷ್ಟಿ ಕಾಳಗ ಮಾಡುವ ಜಟ್ಟಿಗಳ ಹೆಸರು ಈ ಜ್ಯೇಷ್ಠಿಯ ತದ್ಭವವೆಂದೇ ಬಲ್ಲವರ ಮತ.

ಗರಡಿಯ ವಸ್ತಾದಿಗೆ ಈ ಗ್ರಂಥಗಳ ಹಂಗಿರಲಿಲ್ಲ. ಅವನ ಪಾಠವೆಲ್ಲ ಬಾಯಿಂದ ಕಿವಿಗೆ, ಕೈಯಿಂದ ಮೈಗೆ. ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಮಟ್ಟಿ ಹದಮಾಡುವುದೇ ಮೊದಲನೆಯ ಪಾಠ. ಯಾರಿಗೆ ಎಷ್ಟು ದಂಡ, ಎಷ್ಟು ಬಸ್ಕಿ ಎಂಬುದು ಹುಡುಗನ ಮುಖ ನೋಡಿ ಅವನು ಹೇಳುವ ಲೆಕ್ಕ; ನಿನ್ನೆ ಜ್ವರ ಬಂದಿತ್ತೇ, ಮನೆಯಲ್ಲಿ ಊಟ ಸರಿಯಾಯಿತೇ ಎಂಬುದೂ ಆ ಲೆಕ್ಕದಲ್ಲಿ ಸೇರುತ್ತದೆ. ಕಳರಿಯ ಗುರುಕ್ಕಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಮೆಯ್ಪಯಟ್ಟಿನ ಒಂದೊಂದು ಚಲನೆಗೂ ಅವರು ಲಯಬದ್ಧವಾಗಿ ಹೇಳುವ ‘ವಾಯ್ತಾರಿ’ ಎಂಬ ಆಜ್ಞಾವಾಕ್ಯಗಳಿವೆ. ಗುರು ಹೇಳುತ್ತ ಹೋದಂತೆ ಶಿಷ್ಯರ ಮೈ ಹೊರಳುತ್ತದೆ. ಕಾಗದವಿಲ್ಲದ ಕೈಪಿಡಿ ಎಂದು ನಾವು ಅದನ್ನು ಕರೆದರೆ ವಯನಾಡು, ಕಾಸರಗೋಡಿನ ಗೆಳೆಯರು ಒಪ್ಪಿಯಾರು.

ಮುದ್ರಿತ ಕೈಪಿಡಿ ಹುಟ್ಟಿದ್ದು ಯೂರೋಪಿನಲ್ಲಿ. ೧೮೬೭ರಲ್ಲಿ ಪ್ರಷ್ಯದ ಕೋನಿಗ್ಸ್‌ಬರ್ಗಿನಲ್ಲಿ ಹುಟ್ಟಿದ ಫ್ರೀಡ್ರಿಕ್ ವಿಲ್ಹೆಲ್ಮ್ ಮ್ಯೂಲರ್ ಎಂಬವನು ಯೂಜೆನ್ ಸ್ಯಾಂಡೋ ಎಂಬ ಹೆಸರಿನಿಂದ ಲಂಡನ್ನಿನ ರಂಗಮಂದಿರಗಳಲ್ಲಿ ಬಲಪ್ರದರ್ಶನ ಮಾಡಿ ಪ್ರಸಿದ್ಧನಾದ. ಅವನಿಗಿಂತ ಬಲಿಷ್ಠರು ಆಗಲೂ ಇದ್ದರು. ಅವನ ಹೆಚ್ಚಳವಿರುವುದು ಭಾರ ಎತ್ತಿದ್ದರಲ್ಲಿ ಅಲ್ಲ. ಮೈಯನ್ನು ಭಾರವಿಲ್ಲದೆ, ಬರಿದೇ ನೋಡತಕ್ಕ ವಸ್ತುವನ್ನಾಗಿ ಮಾಡಿದ್ದರಲ್ಲಿ. ಛಾಯಾಚಿತ್ರವನ್ನು ಪುಸ್ತಕದ ಪುಟದಲ್ಲಿ ಅಗ್ಗವಾಗಿ ಅಚ್ಚು ಹಾಕುವ ವಿದ್ಯೆ ಅದೇ ಕಾಲದಲ್ಲಿ ಬೆಳೆಯಿತು. ಗ್ರೀಕರ ಹರ್ಕ್ಯುಲಿಸ್ ಶಿಲ್ಪದ ಭಂಗಿಯಲ್ಲಿ ನಿಂತು ಸ್ಯಾಂಡೋ ಚಿತ್ರ ತೆಗೆಸಿಕೊಂಡ. ೧೮೯೪ರಲ್ಲಿ ಅವನ ಮೊದಲ ಪುಸ್ತಕ, ೧೮೯೭ರಲ್ಲಿ ‘ಸ್ಟ್ರೆಂತ್ ಅಂಡ್ ಹೌ ಟು ಆಬ್ಟೇನ್ ಇಟ್’, ಮರುವರ್ಷ ಒಂದು ಮಾಸಪತ್ರಿಕೆ. ೧೯೦೧ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಅವನು ನಡೆಸಿದ ಅಂಗಸೌಷ್ಠವ ಸ್ಪರ್ಧೆಗೆ ಪತ್ತೇದಾರಿ ಕಥೆಗಳ ಕಾನನ್ ಡಾಯ್ಲ್ ತೀರ್ಪುಗಾರರಲ್ಲಿ ಒಬ್ಬನಾಗಿದ್ದ.

ಕೈಪಿಡಿಯ ಅಂಗಾಂಗಗಳೆಲ್ಲ ಅವನ ಪುಸ್ತಕದಲ್ಲಿಯೇ ಕೂಡಿ ಬಂದವು. ಸ್ನಾಯುಗಳ ಹೆಸರು ಬರೆದ ದೇಹದ ನಕ್ಷೆ. ವಯಸ್ಸಿಗೆ ತಕ್ಕಂತೆ ಯಾವ ವ್ಯಾಯಾಮ ಎಷ್ಟು ಸಲ ಎಂಬ ಕೋಷ್ಟಕ. ಕೊರಳು, ತೋಳು, ಎದೆ, ಸೊಂಟ, ತೊಡೆಗಳ ಅಳತೆ. ಕನ್ನಡಿಯ ಮುಂದೆ ನಿಂತು ಮಾಡಬೇಕೆಂಬ ಸೂಚನೆ. ಶಿಷ್ಯರ ಕಾಗದಗಳು, ಚಿತ್ರಗಳು. ಎಲ್ಲಕ್ಕೂ ಹಿಂದೆ ಒಂದು ಅಂಗಡಿ. ಹಗುರಾದ ಡಂಬೆಲ್ಲನ್ನು ಮನಸ್ಸಿಟ್ಟು ಬಿಗಿಹಿಡಿದು ಆಡಿಸಿದರೆ ಸಾಕೆಂದು ಅವನು ಬರೆದ. ಮುಂದೆ ಸ್ಪ್ರಿಂಗು ಹಾಕಿದ ಡಂಬೆಲ್ಲುಗಳನ್ನು ಮಾರಿದ. ಅವನ ಸ್ವಂತ ಮೈ ಹಾಗೆ ಆದದ್ದಲ್ಲ. ಪ್ರೊಫೆಸರ್ ಅಟಿಲಾ ಎಂಬ ಗುರುವಿನ ಬಳಿ ಭಾರವಾದ ಕಬ್ಬಿಣವನ್ನೇ ಎತ್ತಿ ಬೆಳೆದವನು ಅವನು. ಬಾಲ್ಯದಲ್ಲಿ ತಂದೆಯೊಡನೆ ಇಟಲಿಗೆ ಹೋಗಿ ಶಿಲ್ಪಗಳನ್ನು ಕಂಡು ಪ್ರೇರಣೆ ಪಡೆದೆನೆಂಬ ಅವನ ಕಥೆಯನ್ನೂ ಇತಿಹಾಸಕಾರರು ಅಷ್ಟಾಗಿ ನಂಬುವುದಿಲ್ಲ. ಲೇಖಕನು ತಾನು ಮಾಡಿದ್ದು ಒಂದು, ಮಾರಿದ್ದು ಇನ್ನೊಂದು: ಇಂಥ ಪುಸ್ತಕಗಳನ್ನು ಆಧಾರವಾಗಿ ಬಳಸುವ ಸ್ಥಳೀಯ ಸಂಶೋಧಕರು ಇದನ್ನು ಮೊದಲು ನೆನಪಿನಲ್ಲಿಡಬೇಕು. ೧೯೦೪-೦೫ರಲ್ಲಿ ಸ್ಯಾಂಡೋ ಕಲಕತ್ತೆ, ಮುಂಬಯಿ ಮೊದಲಾದ ಕಡೆ ಪ್ರದರ್ಶನ ನಡೆಸಿದ. ಆದರೆ ಪುಸ್ತಕ ಅವನಿಗಿಂತ ಮೊದಲೇ ಇಲ್ಲಿಗೆ ಬಂದಿತ್ತು.

ಬಂದದ್ದು ಎಲ್ಲಿಗೆಂದರೆ, ನಮ್ಮ ಗಡಿಗೇ. ಔಂಧ ಸಂಸ್ಥಾನ ಸಾತಾರೆಯ ಕಡೆಯದಾದರೂ ಅದರ ಸೀಮೆ ಒಂದೇ ತುಂಡಾಗಿರಲಿಲ್ಲ. ಜತ್ತಕ್ಕೆ ದೂರವಲ್ಲದ ಆಟಪಾಡಿಯೂ ವಿಜಾಪುರ ಜಿಲ್ಲೆಯ ಕನ್ನಡ ನೆಲದೊಳಗಿನ ಗುಣದಾಳವೂ ಔಂಧಕ್ಕೆ ಸೇರಿದ್ದವು. ಅದರ ಅರಸ ಭವಾನರಾವ್ ಅಥವಾ ಬಾಳಾಸಾಹೇಬ ಪಂತ ಪ್ರತಿನಿಧಿಯವರು (೧೮೬೮–೧೯೫೧) ೧೮೯೭ರಲ್ಲಿ ಸ್ಯಾಂಡೋನ ಉಪಕರಣಗಳನ್ನೂ ಪುಸ್ತಕಗಳನ್ನೂ ತರಿಸಿಕೊಂಡು ಹತ್ತು ವರ್ಷ ನಿಷ್ಠೆಯಿಂದ ಸಾಧನೆ ಮಾಡಿದರು. ಇದನ್ನು ಅವರೇ ಬರೆದುಕೊಂಡಿದ್ದಾರೆ. ಬಳಿಕ ೧೯೦೮ರ ಸುಮಾರಿಗೆ ಮಿರಜದ ಅರಸರ ಪ್ರೇರಣೆಯಿಂದ ಸೂರ್ಯನಮಸ್ಕಾರದ ಕಡೆ ತಿರುಗಿದರು. ಹಾಗಾಗಿ ೧೯೨೮ರಲ್ಲಿ ಅವರು ಪ್ರಕಟಿಸಿದ ಸೂರ್ಯನಮಸ್ಕಾರದ ಪುಸ್ತಕ ವಿಚಿತ್ರವಾದೊಂದು ಸಂಗಮ. ಒಳಗಿನ ಸಾಮಗ್ರಿ ನಮ್ಮ ಹಿರಿಯರದು: ಬೀಜಾಕ್ಷರ, ಸೂರ್ಯನ ನಾಮ, ಸಾಷ್ಟಾಂಗ ವಂದನೆ. ಹೊರಗಿನ ಕಟ್ಟು ಸ್ಯಾಂಡೋನದು: ಹತ್ತು ಸ್ಥಿತಿಗಳ ಚಿತ್ರ, ಸಂಖ್ಯೆ, ಲಾಭಗಳ ಪಟ್ಟಿ. ಆದರೆ ಕೊಳ್ಳಬೇಕಾದ ಸಾಮಾನು ಒಂದೂ ಇಲ್ಲ. ಆರಡಿ ನೆಲವಿದ್ದರೆ ಸಾಕು. ೧೯೩೮ರಲ್ಲಿ ಲೂಯಿಸ್ ಮಾರ್ಗನ್ ಎಂಬ ಪತ್ರಕರ್ತೆಯ ಸಂಪಾದಕತ್ವದಲ್ಲಿ ಇದೇ ವಿಷಯ ‘ದಿ ಟೆನ್ ಪಾಯಿಂಟ್ ವೇ ಟು ಹೆಲ್ತ್’ ಆಗಿ ಲಂಡನ್ನಿನಲ್ಲಿ ಅಚ್ಚಾಯಿತು. ಸ್ಯಾಂಡೋ ನಮ್ಮಲ್ಲಿಗೆ ಕಳಿಸಿದ್ದಕ್ಕೆ ಔಂಧದ ಅರಸರು ಕೊಟ್ಟ ಮಾರುತ್ತರ ಇದೆಂದು ನಮಗೆ ತೋರುತ್ತದೆ.

ಅರಸರು ನಮಸ್ಕಾರಗಳನ್ನು ತಮ್ಮ ಸಂಸ್ಥಾನದ ಶಾಲೆಗಳಲ್ಲಿ ಜಾರಿಗೆ ತಂದರು. ದೊರೆಯ ಉತ್ಸಾಹ ವೇಳಾಪಟ್ಟಿಯೊಳಗೆ ಇಳಿದಾಗ ಮಾಸ್ತರರ ಪಾಡೇನೆಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾದ್ದಿಲ್ಲ.

ಇನ್ನು ಬೆಂಗಳೂರು. ಪ್ರೊಫೆಸರ್ ಕೆ. ವಿ. ಅಯ್ಯರ್, ಎಂದರೆ ಕೋಲಾರದ ವೆಂಕಟೇಶ ಅಯ್ಯರ್, ಕನ್ನಡ ಓದುಗರಿಗೆ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳಿಂದ ಪರಿಚಿತರು. ಟಿ. ಪಿ. ಕೈಲಾಸಂ ಅವರ ಆಪ್ತಗೆಳೆಯರಾಗಿ ‘ಕೈಲಾಸಂ ಸ್ಮರಣೆ’ ಬರೆದವರೂ ಅವರೇ. ಆದರೆ ಕಾದಂಬರಿಕಾರರೆಂದು ಹೆಸರಾಗುವ ಮುಂಚೆಯೇ ಅವರು ಕೈಪಿಡಿಗಳ ಗ್ರಂಥಕರ್ತರು. ೧೯೩೦ರಲ್ಲಿ ‘ಮಸಲ್ ಕಲ್ಟ್’, ೧೯೩೬ರಲ್ಲಿ ‘ಪರ್ಫೆಕ್ಟ್ ಫಿಸೀಕ್’, ೧೯೩೭ರಲ್ಲಿ ‘ಸೂರ್ಯನಮಸ್ಕಾರ್’, ೧೯೪೦ರಲ್ಲಿ ಅಂಚೆಯ ಮೂಲಕ ಅಂಗಸಾಧನೆಯನ್ನು ಕುರಿತ ಪುಸ್ತಕ. ಹರ್ಕ್ಯುಲಿಸ್ ವ್ಯಾಯಾಮಶಾಲೆ ಅವರದು. ಕನಸು ಎಲ್ಲಿಂದ ಬಂತೆಂಬುದನ್ನು ಆ ಹೆಸರೇ ಹೇಳುತ್ತದೆ. ಅವರ ಚಿತ್ರಗಳಲ್ಲಿಯೂ ಗ್ರೀಕ್ ಶಿಲ್ಪದ ನಿಲುವೇ ಕಾಣುತ್ತದೆ. ಆದರೂ ಅವರು ಸ್ಯಾಂಡೋನ ನೆರಳಲ್ಲ. ಡಂಬೆಲ್ಲು, ಸ್ಪ್ರಿಂಗುಗಳಿಗಿಂತಲೂ ಹಠಯೋಗಕ್ಕೆ ತಮ್ಮ ಮೈ ಹೆಚ್ಚು ಋಣಿಯೆಂದು ಮೊದಲ ಪುಸ್ತಕದಲ್ಲಿಯೇ ಅವರು ಒಪ್ಪಿಕೊಂಡರು. ಅವರ ಜೊತೆಗಾರ ಎಸ್. ಸುಂದರಂ ಅದೇ ಕಾಲದಲ್ಲಿ ಯೋಗಾಸನಗಳ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಭಾರ ಬೇಕು, ಆಸನವೂ ಬೇಕು, ಎರಡರ ಗುಣ ಬೇರೆ: ಇದು ಬೆಂಗಳೂರಿನ ತೀರ್ಮಾನ. ಅಯ್ಯರರು ೧೯೮೦ರಲ್ಲಿ ತೀರಿಕೊಂಡರು.

ಅಂಚೆಯ ಪಾಠದ ರೀತಿಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ದೂರದ ಊರಿನ ಶಿಷ್ಯ ತನ್ನ ಎತ್ತರ, ತೂಕ, ಅಂಗಾಂಗಗಳ ಸುತ್ತಳತೆ, ಹಿಂದೆ ಬಂದ ಕಾಯಿಲೆಗಳು, ಊಟದ ವಿವರ ಎಲ್ಲವನ್ನೂ ಬರೆದು ಕಳಿಸುತ್ತಾನೆ; ಗುರು ಅದನ್ನು ನೋಡಿ ಪಾಠ ಕಳಿಸುತ್ತಾನೆ; ಕೆಲವು ವಾರ ಕಳೆದ ಮೇಲೆ ಮತ್ತೆ ಅಳತೆ. ಗರಡಿಯ ವಸ್ತಾದಿ ಕಣ್ಣಳತೆಯಿಂದ ತಿಳಿಯುತ್ತಿದ್ದುದನ್ನು ಅಂಚೆಯ ಗುರು ಟೇಪಿನಿಂದ ತಿಳಿಯಬೇಕಾಯಿತು. ಇದರಲ್ಲಿ ಲಾಭವೂ ಇತ್ತು. ಗರಡಿಗೆ ಹೋಗಲು ಮನೆಯವರು ಬಿಡದ ಹುಡುಗ, ಜಾತಿ ಅಡ್ಡಬಂದು ಮಟ್ಟಿಯ ಹೊರಗೆ ನಿಂತ ಹುಡುಗ, ಒಂಟಿ ಊರಿನ ಗುಮಾಸ್ತ, ಇವರೆಲ್ಲ ಬಾಗಿಲು ಮುಚ್ಚಿಕೊಂಡು ಕಲಿಯಬಹುದಾಯಿತು. ನಷ್ಟವೇನೆಂದರೆ ಜೋಡಿ ಇಲ್ಲವಾಯಿತು. ಗರಡಿಯ ಬಲ ಎದುರಾಳಿಯ ಮೈಮೇಲೆ ಪರೀಕ್ಷೆಯಾಗುವ ಬಲ; ಪುಸ್ತಕದ ಬಲಕ್ಕೆ ಕನ್ನಡಿಯೇ ಎದುರಾಳಿ. ತಪ್ಪು ಮಾಡಿ ನಡು ಉಳುಕಿದರೆ ಕನ್ನಡಿ ಎಣ್ಣೆ ತಿಕ್ಕುವುದಿಲ್ಲ.

ಅಯ್ಯರರ ‘ರೂಪದರ್ಶಿ’ಯನ್ನು ಈ ದೃಷ್ಟಿಯಿಂದ ಓದಿದವರು ಕಡಿಮೆ. ಬಾಲಯೇಸುವಿನ ಚಿತ್ರಕ್ಕೆ ಮಾದರಿಯಾಗಿ ಕುಳಿತ ಚೆಲುವ ಮಗುವೇ ಬೆಳೆದು ಕೆಟ್ಟು ಜೂಡಾಸನ ಚಿತ್ರಕ್ಕೂ ಮಾದರಿಯಾಗುವ ಕಥೆ ಅದು. ಸಾವಿರಾರು ಮೈಗಳನ್ನು ಅಳೆದು, ಮೊದಲಿನ ಚಿತ್ರ ಆಮೇಲಿನ ಚಿತ್ರ ಎಂದು ಜೋಡಿಸಿ ನೋಡುವುದೇ ಕಸಬಾಗಿದ್ದ ಮನುಷ್ಯ ಆ ಕ್ರಮವನ್ನು ತಿರುಗಿಸಿಟ್ಟು ಕಾದಂಬರಿ ಬರೆದನೆಂದು ನಾವು ಊಹಿಸುತ್ತೇವೆ. ಊಹೆ ಮಾತ್ರ, ವಿಮರ್ಶಕರು ಮನ್ನಿಸಬೇಕು.

ಭಾಷೆಯ ಪ್ರಶ್ನೆಯನ್ನು ಎತ್ತದೆ ಮುಂದೆ ಹೋಗುವಂತಿಲ್ಲ. ಅಯ್ಯರರ ಹೆಸರಾದ ವ್ಯಾಯಾಮಗ್ರಂಥಗಳು ಇಂಗ್ಲಿಷಿನವು, ಕಾದಂಬರಿಗಳು ಕನ್ನಡದವು. ಅಂಚೆಯ ಶಿಷ್ಯರು ದೇಶದ ತುಂಬ ಇದ್ದಾಗ ಇಂಗ್ಲಿಷು ಅನಿವಾರ್ಯವಾಗಿತ್ತೆನ್ನಬಹುದು. ಆದರೆ ಅದೇ ಕಾಲದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯ ತಿರುಮಲೆ ಕೃಷ್ಣಮಾಚಾರ್ಯರು ‘ಯೋಗಮಕರಂದ’ವನ್ನು ೧೯೩೪ರಲ್ಲಿ, ‘ಯೋಗಾಸನಗಳು’ ಎಂಬುದನ್ನು ೧೯೪೧ರಲ್ಲಿ ಕನ್ನಡದಲ್ಲಿಯೇ ಬರೆದರು. ಎರಡನೆಯದರಲ್ಲಿ ಆಸನಗಳನ್ನು ಮೂರು ಮಟ್ಟಗಳಾಗಿ ಕೋಷ್ಟಕದಲ್ಲಿ ವಿಂಗಡಿಸಿದ್ದಾರೆ. ಇಂದು ಲೋಕವೆಲ್ಲ ಹರಡಿರುವ ಒಂದು ಯೋಗಸಂಪ್ರದಾಯದ ಮೊದಲ ಪಠ್ಯ ಕನ್ನಡದ ಪುಸ್ತಕವೆಂಬುದು ನಮ್ಮ ಶಾಲೆಗಳಲ್ಲಿ ಎಷ್ಟು ಜನಕ್ಕೆ ಗೊತ್ತು? ಮರಾಠಿಯವರಂತೂ ಈ ವಿಷಯದಲ್ಲಿ ನಮಗಿಂತ ಬಹಳ ಮುಂದೆ. ಬಡೋದೆಯಿಂದ ದ. ಚಿಂ. ಮುಜುಮದಾರರು ‘ವ್ಯಾಯಾಮ ಜ್ಞಾನಕೋಶ’ವನ್ನು ೧೯೩೬ರಿಂದ ೧೯೪೯ರವರೆಗೆ ಹತ್ತು ಸಂಪುಟಗಳಲ್ಲಿ ಹೊರತಂದರು. ತಮ್ಮ ಗರಡಿಯ ಪಟ್ಟುಗಳಿಗೆ, ಸಲಕರಣೆಗಳಿಗೆ ಹೆಸರುಗಳನ್ನು ಕೂಡಿಸಿ, ಚಿತ್ರ ಹಾಕಿ, ಅವರು ಉಳಿಸಿಕೊಂಡರು.

ಗಡಿಯ ಕನ್ನಡಿಗನ ಮೈ ಹೀಗೆ ನಾಲ್ಕು ಕಡೆಯ ಪಾಠಕ್ಕೆ ಒಳಗಾಯಿತು. ಕಾಸರಗೋಡು ೧೯೫೬ರವರೆಗೆ, ಆದೋನಿ ರಾಯದುರ್ಗಗಳು ೧೯೫೩ರವರೆಗೆ ಮದರಾಸಿನ ಆಡಳಿತದಲ್ಲಿದ್ದವು. ೧೯೨೦ರಲ್ಲಿ ಹ್ಯಾರಿ ಬಕ್ ಮದರಾಸಿನಲ್ಲಿ ತೆರೆದ ವೈ.ಎಂ.ಸಿ.ಎ. ವ್ಯಾಯಾಮ ವಿದ್ಯಾಲಯದಲ್ಲಿ ಕಲಿತವರ ಡ್ರಿಲ್ಲು, ಚೆಂಡಾಟಗಳು ಆ ಪ್ರಾಂತದ ಶಾಲೆಗಳಿಗೆ ಮಾದರಿ. ಸೊಲ್ಲಾಪುರದ ಕಡೆಗೆ ಮುಂಬಯಿ ಪ್ರಾಂತದ ಲೇಜಿಮು, ದಂಡ ಬೈಠಕಗಳು. ಹುಡುಗನ ಮಾತೃಭಾಷೆ ಕನ್ನಡ. ಆಜ್ಞೆ ಮಾತ್ರ ಇಂಗ್ಲಿಷಿನದು, ಇಲ್ಲವೇ ‘ಸಾವಧಾನ್’, ‘ವಿಶ್ರಾಮ್’.

ಈಗ ಫೋನಿನಲ್ಲಿಯೇ ಚಲಿಸುವ ಚಿತ್ರಗಳು ಬರುತ್ತವೆ; ಕೈಪಿಡಿಯ ಕಾಲ ಬಹುಮಟ್ಟಿಗೆ ಮುಗಿದಿದೆ. ಸ್ಯಾಂಡೋನ ಅಂಗಡಿ ಮುಗಿದಿಲ್ಲ. ಡಂಬೆಲ್ಲಿನ ಜಾಗದಲ್ಲಿ ಪುಡಿಯ ಡಬ್ಬಿ ಬಂದಿದೆ. ಹದಿನೈದು ವರ್ಷದ ಹುಡುಗರು ಅದನ್ನು ಕೇಳಿಕೊಂಡು ವ್ಯಾಯಾಮದ ಮಾಸ್ತರರ ಬಳಿ ಬರುವುದನ್ನು ನಮ್ಮವರೆಲ್ಲ ಕಂಡಿದ್ದಾರೆ. ಮಾಸ್ತರರು ಏನನ್ನಾದರೂ ಹೇಳಬೇಕಾದರೆ ಯಾವ ಪುಸ್ತಕ ತೆಗೆದು ತೋರಿಸಬೇಕು?

ಪುಸ್ತಕವಿಲ್ಲದಿದ್ದರೂ ಮಾತುಗಳು ಇನ್ನೂ ಉಳಿದಿವೆ. ಸಾಮು, ವರಸೆ, ಪಟ್ಟು, ಮಟ್ಟಿ, ಜೋಡಿ, ಕರೇಲಿ, ಗದೆ, ಲೋಡು, ಸಂಗ್ರಾಣಿ ಕಲ್ಲು, ಗುಂಡು, ಚೀಲ ಎತ್ತುವುದು. ಒಂದೊಂದು ಸೀಮೆಗೂ ಇವುಗಳ ಉಚ್ಚಾರ ಬೇರೆ, ಕೆಲವೆಡೆ ಅರ್ಥವೂ ಬೇರೆ. ನಮ್ಮ ಸಂಘದ ಪ್ರತಿ ಶಾಖೆಯವರೂ ತಮ್ಮ ಊರಿನ ಹನುಮಪ್ಪನ ಗುಡಿಯ ಮುಂದೆ ಬಿದ್ದಿರುವ ಎತ್ತುವ ಕಲ್ಲಿನ ಹೆಸರು, ತೂಕ, ಅದನ್ನು ಯಾವ ಹಬ್ಬಕ್ಕೆ ಎತ್ತುತ್ತಿದ್ದರು ಎಂಬ ಸಂಗತಿ, ಹಳೆಯ ಪೈಲ್ವಾನರು ಹೇಳುವ ಪಟ್ಟುಗಳ ಹೆಸರು, ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಕೂಡಿಸಿ ಅಚ್ಚು ಹಾಕಬಹುದು. ಕಲ್ಲನ್ನು ತೂಗಲು ತಕ್ಕಡಿ ಸಿಗದಿದ್ದರೆ ಸುತ್ತಳತೆಯಾದರೂ ಸಾಕು.