ಕಾಮಣಿಗೆ ನೆಲನೆಲ್ಲಿ: ತಿಳಿದಿರಬೇಕಾದ ಮಾಹಿತಿ

ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದಲ್ಲಿ ಮಳೆಗಾಲಕ್ಕೆ ಹೊಲದ ಬದುವಿನಲ್ಲಿ ತಾನಾಗಿಯೇ ಹುಟ್ಟುವ ಗಿಡ ನೆಲನೆಲ್ಲಿ. ಎಲೆಗಳ ಕೆಳಗೆ ಸಣ್ಣ ಕಾಯಿಗಳ ಸಾಲು ಇದರ ಗುರುತು. ಇದರಲ್ಲಿರುವ ಫಿಲಾಂಥಿನ್ ಎಂಬ ಅಂಶ ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಲಿವರ್ ಕೋಶಗಳನ್ನು ವಿಷದಿಂದ ಕಾಪಾಡಿದೆ. 1988ರಲ್ಲಿ ಮದ್ರಾಸಿನ ಸಂಶೋಧಕರು ಈ ಗಿಡದ ಪುಡಿಯನ್ನು ಹೆಪಟೈಟಿಸ್-ಬಿ ಸೋಂಕಿತರಿಗೆ ಕೊಟ್ಟು ಒಳ್ಳೆ ಫಲಿತಾಂಶ ಕಂಡಿದ್ದರು. ಆದರೆ ನಂತರ ಬೇರೆ ಕಡೆ ನಡೆದ ಪರೀಕ್ಷೆಗಳಲ್ಲಿ ಅದು ಖಚಿತವಾಗಲಿಲ್ಲ.

ಕೆಟ್ಟ ನೀರಿನಿಂದ ಬರುವ ಕಾಮಣಿ ಬಹುತೇಕರಿಗೆ ಕೆಲ ವಾರಗಳಲ್ಲಿ ತಾನೇ ವಾಸಿಯಾಗುತ್ತದೆ. ಹೆಸರು ಮಾತ್ರ ನಾಟಿ ಔಷಧಿಗೆ ಬರುತ್ತದೆ. ಹೆಪಟೈಟಿಸ್-ಬಿ ಹಾಗಲ್ಲ, ಒಳಗೇ ಉಳಿದು ವರ್ಷಗಟ್ಟಲೆ ಲಿವರ್ ಕೆಡಿಸಬಹುದು. ಯಾವ ಕಾಮಣಿ ಅಂತ ರಕ್ತ ಪರೀಕ್ಷೆಯೇ ಹೇಳಬೇಕು. ಗರ್ಭಿಣಿಯರಿಗೆ ಕಣ್ಣು ಹಳದಿಯಾದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಹುಟ್ಟಿದ ಮಗುವಿಗೆ 24 ಗಂಟೆಯೊಳಗೆ ಹೆಪಟೈಟಿಸ್-ಬಿ ಲಸಿಕೆ ಹಾಕಿಸಿ; ಸರ್ಕಾರಿ ಆಸ್ಪತ್ರೆಯಲ್ಲಿ ಇದು ಉಚಿತ.