ನಿಂತ ಕಾರಿನಲ್ಲಿ ವಿದ್ಯುತ್ ಸೋರಿಕೆ

ಎಂಜಿನ್ ಆರಿಸಿದ ಮೇಲೂ ಗಡಿಯಾರ, ಅಲಾರಂ, ನಿಯಂತ್ರಕ ಘಟಕಗಳು ಬ್ಯಾಟರಿಯಿಂದ ಅಲ್ಪ ವಿದ್ಯುತ್ ಸೆಳೆಯುತ್ತಲೇ ಇರುತ್ತವೆ. ಸಾಮಾನ್ಯವಾಗಿ ಇದು 50 ಮಿಲಿಆಂಪಿಯರ್ ಒಳಗಿದ್ದರೆ ದೋಷವಲ್ಲ. 500ಕ್ಕೆ ಏರಿದರೆ ದಿನಕ್ಕೆ 12 ಆಂಪಿಯರ್-ಗಂಟೆ ಖರ್ಚಾಗಿ, 45 ಆಂಪಿಯರ್-ಗಂಟೆಯ ಬ್ಯಾಟರಿ ನಾಲ್ಕು ದಿನದೊಳಗೆ ಬರಿದಾಗುತ್ತದೆ. ಹಳೆಯ ಬ್ಯಾಟರಿ ಸೋರಿಕೆಯಿಲ್ಲದೆಯೂ ಇಳಿಯುವುದರಿಂದ ಮೊದಲು ಅದನ್ನೇ ಪರೀಕ್ಷಿಸಬೇಕು. ಬಳಿಕ ಋಣಧ್ರುವದ ತಂತಿ ಬಿಚ್ಚಿ, ನಡುವೆ ಮಲ್ಟಿಮೀಟರನ್ನು ಸರಣಿಯಲ್ಲಿ ಜೋಡಿಸಿ, ಘಟಕಗಳು ನಿದ್ರಾವಸ್ಥೆಗೆ ಹೋಗಲು ಅರ್ಧ ಗಂಟೆಯಾದರೂ ಕಾಯಬೇಕು. ಅವಸರದ ಅಳತೆ ತಪ್ಪು ತೀರ್ಮಾನಕ್ಕೆ ನೇರ ದಾರಿ. ಫ್ಯೂಸುಗಳನ್ನು ಒಂದೊಂದಾಗಿ ಕೀಳುವಾಗ ಯಾವುದರಿಂದ ಅಳತೆ ಥಟ್ಟನೆ ಇಳಿಯುತ್ತದೋ ಆ ಮಂಡಲದಲ್ಲಿ ದೋಷವಿದೆ. ಆರದ ಡಿಕ್ಕಿ ದೀಪ, ಅಂಟಿಕೊಂಡ ರಿಲೇ, ಆಮೇಲೆ ಹಾಕಿಸಿದ ಸ್ಟೀರಿಯೊ ಪದೇ ಪದೇ ಸಿಗುವ ಕಾರಣಗಳು. ಯಾವ ಫ್ಯೂಸ್ ಕಿತ್ತರೂ ಅಳತೆ ಇಳಿಯದಿದ್ದರೆ ಆಲ್ಟರ್ನೇಟರಿನ ಡಯೋಡನ್ನು ಶಂಕಿಸಬೇಕು. ಮೀಟರ್ ಸರಣಿಯಲ್ಲಿರುವಾಗ ಎಂಜಿನ್ ಚಾಲೂ ಮಾಡಬಾರದು; ಮೀಟರಿನ ಫ್ಯೂಸ್ ಸುಟ್ಟುಹೋಗುತ್ತದೆ.